ತೋಟದ ಕೊಳವೆಯಲ್ಲಿ ಹಿಮ್ಮುಖ ಪ್ರವಾಹ

ನಮ್ಮಲ್ಲಿ ಓದಿ, ಈಗ ಅಮೆರಿಕದ ಕೊಲರಾಡೊ ಪ್ರಾಂತದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬರಿಂದ ಈಚೆಗೆ ಒಂದು ಪತ್ರ ಬಂದಿತು. ಅವರ ಮನೆಯ ಮುಂದೆ ಹುಲ್ಲುಹಾಸು, ಹಿಂದೆ ಒಂದಿಷ್ಟು ಹೂಗಿಡ. ನೆಲದೊಳಗೆ ಹೂತ ಕೊಳವೆಗಳ ಮೂಲಕ ಸ್ಪ್ರಿಂಕ್ಲರುಗಳಿಗೆ ನೀರು ಹಾಯುತ್ತದೆ. ಈ ತೋಟದ ಕೊಳವೆ ಮನೆಯ ಕುಡಿಯುವ ನೀರಿನ ಕೊಳವೆಯಿಂದ ಕವಲೊಡೆಯುವ ಕಡೆ, ಗೋಡೆಯ ಹೊರಬದಿಯಲ್ಲಿ, ಟೊಪ್ಪಿಗೆ ಹಾಕಿದಂತಿರುವ ಹಿತ್ತಾಳೆಯ ಉಪಕರಣವೊಂದಿದೆ. ಅದನ್ನು ಕುರಿತು ಅವರು ಹೀಗೆ ಕೇಳಿದ್ದರು: “ಸಾರ್, ನೀರು ಬಿಟ್ಟಾಗಲೆಲ್ಲ ಈ ಟೊಪ್ಪಿಗೆಯ ಕೆಳಗಿನಿಂದ ನೀರು ಚಿಮ್ಮುತ್ತದೆ. ಯಾವ ತಿರುಪನ್ನು ಎಷ್ಟು ಸುತ್ತು ತಿರುಗಿಸಿದರೆ ಇದು ನಿಂತೀತು? ಅಂಟು ಹಾಕಿ ಮುಚ್ಚಿಬಿಡಿ ಎಂದು ನೆರೆಯವರೊಬ್ಬರು ಹೇಳುತ್ತಾರೆ. ತಮ್ಮ ಅಭಿಪ್ರಾಯವೇನು?”

ಪ್ರಶ್ನೆ ಸಣ್ಣದು. ಆದರೆ ಇದಕ್ಕೆ ಸರಿಯಾದ ಉತ್ತರ ಹೇಳಬೇಕಾದರೆ ನೀರು ಕೊಳವೆಯಲ್ಲಿ ಏಕೆ ಹರಿಯುತ್ತದೆ, ಯಾವಾಗ ಹಿಂದಕ್ಕೆ ಹರಿಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ತಪ್ಪು ಉತ್ತರ ಕೊಟ್ಟರೆ ಆಗುವ ಕೇಡು ತೋಟಕ್ಕಲ್ಲ, ಮನೆಯವರೆಲ್ಲರ ಕುಡಿಯುವ ನೀರಿಗೆ. ಆದುದರಿಂದ ಆ ಪತ್ರಕ್ಕೆ ನಾವು ಬರೆದ ಉತ್ತರವನ್ನೇ ವಿಸ್ತರಿಸಿ ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ನೀರಿಗೆ ದಿಕ್ಕು ತೋರುವುದು ಯಾವುದು?

ನಲ್ಲಿಯನ್ನು ತಿರುಗಿಸಿದೊಡನೆ ನೀರು ಹೊರಕ್ಕೆ ಬರುವುದನ್ನು ನಾವು ದಿನವೂ ನೋಡುತ್ತೇವೆ. ಇದನ್ನು ಕಂಡು ಕಂಡು, ಕೊಳವೆಯ ನೀರಿಗೆ ಹೊರಕ್ಕೆ ಬರುವುದೇ ಸ್ವಭಾವವೆಂದು ಭಾವಿಸಿಬಿಡುತ್ತೇವೆ. ವಾಸ್ತವವಾಗಿ ನೀರಿಗೆ ಅಂತಹ ಹಟವೇನೂ ಇಲ್ಲ. ಒಂದೇ ಮಟ್ಟದಲ್ಲಿರುವ ಕೊಳವೆಯಲ್ಲಿ ನಿಂತ ನೀರು ಒತ್ತಡ ಹೆಚ್ಚಾಗಿರುವ ಕಡೆಯಿಂದ ಕಡಮೆಯಾಗಿರುವ ಕಡೆಗೆ ಸಾಗುತ್ತದೆ. ಬೀದಿಯ ಕೊಳವೆಯಲ್ಲಿ ಒತ್ತಡ ಹೆಚ್ಚು, ನಲ್ಲಿಯ ಬಾಯಲ್ಲಿ ಕೇವಲ ವಾಯುಭಾರ. ಆದುದರಿಂದ ನೀರು ಹೊರಕ್ಕೆ ಬರುತ್ತದೆ. ಈ ತಾರತಮ್ಯ ತಿರುಗುಮುರುಗಾದರೆ ನೀರಿನ ದಿಕ್ಕೂ ತಿರುಗುಮುರುಗಾಗುವುದು.

ಇದು ನಮಗೆ ಹೊಸ ಅನುಭವವೇನಲ್ಲ. ಹೊತ್ತು ಗೊತ್ತು ಮಾಡಿ ನೀರು ಬಿಡುವ ನಮ್ಮ ಊರುಗಳಲ್ಲಿ, ನೀರು ನಿಂತ ಸ್ವಲ್ಪ ಹೊತ್ತಿಗೆ ನಲ್ಲಿಯನ್ನು ತಿರುಗಿಸಿದರೆ ‘ಸುಯ್’ ಎಂದು ಗಾಳಿ ಒಳಕ್ಕೆ ನುಗ್ಗುವ ಸದ್ದು ಕೇಳಿಸುವುದುಂಟು. ಆಗ ನಲ್ಲಿಯ ಬಾಯಿಗೆ ಅಂಗೈಯನ್ನು ಒಡ್ಡಿದರೆ ಚರ್ಮವನ್ನು ಯಾರೋ ಒಳಕ್ಕೆ ಹೀರಿದಂತಾಗುತ್ತದೆ. ಹೀರುವವರು ಯಾರೂ ಇಲ್ಲ. ಕೊಳವೆಯ ನೀರು ತಗ್ಗಿನ ಕಡೆಗೆ ಇಳಿದುಹೋಗುತ್ತಿದೆ. ಹಿಂದೆ ಉಳಿದ ಜಾಗದಲ್ಲಿ ಒತ್ತಡ ವಾಯುಭಾರಕ್ಕಿಂತ ಕಡಮೆಯಾಗಿದೆ. ಹೊರಗಿನ ವಾಯುಭಾರವೇ ಗಾಳಿಯನ್ನು ಒಳಕ್ಕೆ ದಬ್ಬುತ್ತಿದೆ.

ಎಷ್ಟು ಕಡಮೆಯಾಗುತ್ತದೆಂಬುದನ್ನು ಲೆಕ್ಕ ಹಾಕಬಹುದು. ಒಂದು ಮನೆ ದಿಣ್ಣೆಯ ಮೇಲಿದೆ. ಬೀದಿಯ ದೊಡ್ಡ ಕೊಳವೆ ಅದಕ್ಕಿಂತ 5 ಮೀಟರ್ ತಗ್ಗಿನಲ್ಲಿ ಒಡೆಯಿತು ಎಂದುಕೊಳ್ಳೋಣ. ಒಡೆದ ಕಡೆ ಒತ್ತಡ ವಾಯುಭಾರಕ್ಕೆ ಸಮ. ಅಲ್ಲಿಂದ ಮೇಲಕ್ಕೆ ನಿಂತಿರುವ 5 ಮೀಟರ್ ನೀರಿನ ಕಂಬದ ಒತ್ತಡ, ಸಾಂದ್ರತೆ, ಗುರುತ್ವ ಮತ್ತು ಎತ್ತರಗಳ ಗುಣಲಬ್ಧ:

1000 × 9.8 × 5 = 49,000 ಪಾಸ್ಕಲ್, ಅಂದರೆ 49 ಕಿಲೋಪಾಸ್ಕಲ್.

ಸಮುದ್ರಮಟ್ಟದಲ್ಲಿ ವಾಯುಭಾರ ಸುಮಾರು 101 ಕಿಲೋಪಾಸ್ಕಲ್. ದಿಣ್ಣೆಯ ಮನೆಯ ಕೊಳವೆಯಲ್ಲಿ ಉಳಿಯುವುದು 101ರಿಂದ 49 ಕಳೆದು 52 ಕಿಲೋಪಾಸ್ಕಲ್ ಮಾತ್ರ. ಹೆಚ್ಚುಕಡಮೆ ಅರ್ಧ ವಾಯುಭಾರ. ಈಗ ಆ ಮನೆಯ ಯಾವುದಾದರೊಂದು ನಲ್ಲಿ ತೆರೆದಿದ್ದು, ಅದಕ್ಕೆ ತೊಡಿಸಿದ ರಬ್ಬರ್ ಕೊಳವೆಯ ತುದಿ ನೀರಿನಲ್ಲಿ ಮುಳುಗಿದ್ದರೆ, ಗಾಳಿಗೆ ಬದಲಾಗಿ ಆ ನೀರೇ ಒಳಕ್ಕೆ ನುಗ್ಗಿ ಬೀದಿಯ ಕೊಳವೆಯನ್ನು ಸೇರುತ್ತದೆ. ಇದೇ ಹಿಮ್ಮುಖ ಪ್ರವಾಹ. ಕೊಳವೆ ಒಡೆಯಲೇಬೇಕೆಂದಿಲ್ಲ. ಬೆಂಕಿ ಆರಿಸುವವರು ಸಮೀಪದಲ್ಲಿ ಒಮ್ಮೆಲೇ ಬಹಳ ನೀರನ್ನು ಎಳೆದುಕೊಂಡರೂ ಇದೇ ಪರಿಣಾಮವಾಗಬಹುದು.

ತೋಟದ ನೀರು ಹಿಂದಕ್ಕೆ ಬಂದರೆ

ಸ್ಪ್ರಿಂಕ್ಲರುಗಳು ನೆಲಕ್ಕೆ ಸಮನಾಗಿ ಕುಳಿತಿರುತ್ತವೆ. ನೀರು ನಿಂತ ಮೇಲೆ ಅವುಗಳ ಸುತ್ತ ಸಣ್ಣ ಮಡುಗಳು ಉಳಿಯುತ್ತವೆ. ಆ ಮಡುವಿನಲ್ಲಿ ಮಣ್ಣು, ಗೊಬ್ಬರ, ಕೀಟನಾಶಕ, ನಾಯಿ ಬೆಕ್ಕುಗಳ ಹೊಲಸು ಎಲ್ಲವೂ ಕರಗಿರಬಹುದು. ಇದು ಹಿಂದಕ್ಕೆ ಸರಿದು ಅಡಿಗೆಮನೆಯ ನಲ್ಲಿಯಲ್ಲಿ ಕಾಣಿಸಿಕೊಂಡರೆ ಗತಿಯೇನು? ಇದು ಬರಿಯ ಊಹೆಯಲ್ಲ.

ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ವುಸ್ಟರ್ ನಗರದಲ್ಲಿ, ಗುಡ್ಡದ ಮೇಲೆ, ಹೋಲಿ ಕ್ರಾಸ್ ಎಂಬ ಕಾಲೇಜಿದೆ. 1969ರ ಆಗಸ್ಟ್ ತಿಂಗಳ ಕೊನೆಯಲ್ಲಿ ಅದರ ಫುಟ್‌ಬಾಲ್ ತಂಡ ಅಭ್ಯಾಸ ನಡೆಸುತ್ತಿತ್ತು. ಮೈದಾನಕ್ಕೆ ನೀರು ಹಾಯಿಸುವ ನಲ್ಲಿಗಳು ನೆಲದೊಳಗಿನ ತಗ್ಗು ಪೆಟ್ಟಿಗೆಗಳಲ್ಲಿದ್ದುವು. ಅದೇ ಕೊಳವೆಯ ಮುಂದಿನ ತುದಿಯಲ್ಲಿದ್ದ ನಲ್ಲಿಯಿಂದ ಆಟಗಾರರು ನೀರು ಕುಡಿಯುತ್ತಿದ್ದರು. ನೆರೆಯ ಮಕ್ಕಳು ಆ ತಗ್ಗುಗಳ ನೀರಿನಲ್ಲಿ ಆಡುತ್ತಿದ್ದರು. ಅವರಲ್ಲಿ ಕೆಲವರಿಗೆ ಕಾಮಾಲೆಯನ್ನುಂಟುಮಾಡುವ ಹೆಪಟೈಟಿಸ್ ಸೋಂಕು ತಗುಲಿತ್ತು. ಆಗಸ್ಟ್ 29ರಂದು ಊರಿನಲ್ಲಿ ಬೆಂಕಿ ಬಿದ್ದಿತು. ಅದನ್ನು ಆರಿಸಲು ನೀರನ್ನು ಎಳೆದಾಗ ಮೈದಾನದ ಕೊಳವೆಯಲ್ಲಿ ಒತ್ತಡ ಇಳಿದು, ತಗ್ಗುಗಳಲ್ಲಿ ನಿಂತಿದ್ದ ಮಲಿನ ಜಲ ಕೊಳವೆಯೊಳಕ್ಕೆ ಸೇರಿತು. ಆ ದಿನ ಯಾರಿಗೂ ಏನೂ ತಿಳಿಯಲಿಲ್ಲ. ಈ ರೋಗ ಸೋಂಕಿದ ಮೇಲೆ ಕಾಣಿಸಿಕೊಳ್ಳಲು ಸುಮಾರು ನಾಲ್ಕು ವಾರಗಳು ಬೇಕು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಆಟಗಾರರು ಒಬ್ಬರಾದ ಮೇಲೊಬ್ಬರು ಹಾಸಿಗೆ ಹಿಡಿದರು. ಆಟಗಾರರೂ ತರಬೇತುದಾರರೂ ಸೇರಿ 97 ಮಂದಿಯಲ್ಲಿ 90 ಮಂದಿಗೆ ಸೋಂಕು ತಗುಲಿತ್ತು. ಎರಡು ಪಂದ್ಯಗಳಾದ ಮೇಲೆ ಆ ವರ್ಷದ ಉಳಿದ ಪಂದ್ಯಗಳನ್ನೆಲ್ಲ ರದ್ದುಮಾಡಬೇಕಾಯಿತು.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಯಾರೂ ನೀರಿಗೆ ಕೊಳೆಯನ್ನು ಬೆರೆಸಲಿಲ್ಲ; ಪಂಪು ಕೆಡಲಿಲ್ಲ. ಒತ್ತಡದ ತಾರತಮ್ಯ ಸ್ವಲ್ಪ ಹೊತ್ತು ತಿರುಗುಮುರುಗಾಯಿತು. ಆ ವೇಳೆಯಲ್ಲಿ ದಾರಿಗೆ ಅಡ್ಡ ನಿಲ್ಲುವಂಥದು ಏನೂ ಇರಲಿಲ್ಲ. ಅಷ್ಟೇ ಸಾಕಾಯಿತು.

ಒಂದು ಪ್ರಯೋಗ

ಅಡ್ಡ ನಿಲ್ಲುವ ಉಪಾಯವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಒಂದೂವರೆ ಮೀಟರ್ ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ಎರಡು ಬಕೀಟು, ಸ್ವಲ್ಪ ಶಾಯಿ ಇದ್ದರೆ ಸಾಕು. ಶಾಯಿ ಬೆರೆಸಿದ ನೀರಿನ ಬಕೀಟನ್ನು ಮೇಜಿನ ಮೇಲೂ ಬರಿದಾದ ಬಕೀಟನ್ನು ನೆಲದ ಮೇಲೂ ಇಡಿ. ಕೊಳವೆಯ ನಡುಭಾಗದಲ್ಲಿ ಬೆಂಕಿಕಡ್ಡಿಯ ಗಾತ್ರದ ಒಂದು ತೂತು ಮಾಡಿ, ಅದನ್ನು ಬೆರಳಿನಿಂದ ಭದ್ರವಾಗಿ ಮುಚ್ಚಿ ಹಿಡಿಯಿರಿ. ಕೊಳವೆಯಲ್ಲಿ ನೀರು ತುಂಬಿ, ಎರಡು ತುದಿಗಳನ್ನೂ ಒತ್ತಿ ಹಿಡಿದು, ಒಂದನ್ನು ಮೇಲಿನ ನೀರಿನಲ್ಲಿ ಮುಳುಗಿಸಿ ಇನ್ನೊಂದನ್ನು ಕೆಳಗಿನ ಬಕೀಟಿನೊಳಕ್ಕೆ ಇಳಿಯಬಿಡಿ. ತೂತು ಬಕೀಟಿನ ಅಂಚಿನ ಮೇಲೆ, ಕೊಳವೆ ಬಾಗಿರುವ ಅತ್ಯುನ್ನತ ಜಾಗದಲ್ಲಿರಲಿ. ಕೆಲಸಕ್ಕೆ ಜೊತೆಗಾರರೊಬ್ಬರಿದ್ದರೆ ಒಳ್ಳೆಯದು. ತುದಿಗಳನ್ನು ಬಿಟ್ಟೊಡನೆ ಬಣ್ಣದ ನೀರು ಅಂಚನ್ನು ಏರಿ ಕೆಳಕ್ಕೆ ಹರಿಯತೊಡಗುತ್ತದೆ. ಇದು ಪಾಠಪುಸ್ತಕದ ಸೈಫನ್.

ಈಗ ತೂತಿನ ಮೇಲಿನ ಬೆರಳನ್ನು ತೆಗೆಯಿರಿ. ನೀರು ಹೊರಕ್ಕೆ ಚಿಮ್ಮೀತೆಂದು ನೀವು ನಿರೀಕ್ಷಿಸಬಹುದು. ಹಾಗಾಗುವುದಿಲ್ಲ. ಬಾಗಿನಲ್ಲಿ ಒತ್ತಡ ವಾಯುಭಾರಕ್ಕಿಂತ ಕಡಮೆಯಿರುವುದರಿಂದ ಗಾಳಿಯೇ ಒಳಕ್ಕೆ ನುಗ್ಗಿ, ನೀರಿನ ಎಳೆ ಎರಡು ತುಂಡಾಗಿ, ಒಂದು ಭಾಗ ಮೇಲಿನ ಬಕೀಟಿಗೂ ಇನ್ನೊಂದು ಕೆಳಗಿನದಕ್ಕೂ ಇಳಿದುಬಿಡುತ್ತದೆ. ಹರಿವು ನಿಂತಿತು. ಹಿಮ್ಮುಖ ಪ್ರವಾಹವನ್ನು ತಡೆಯಲು ಬೇಕಾದದ್ದು ಭಾರಿ ಗೋಡೆಯಲ್ಲ. ಸಕಾಲದಲ್ಲಿ ಗಾಳಿಯನ್ನು ಒಳಬಿಡುವ ಒಂದು ತೂತು. ಆ ತೂತು ಒತ್ತಡವಿರುವಾಗ ಮುಚ್ಚಿರಬೇಕು, ಒತ್ತಡ ಹೋದೊಡನೆ ತಾನಾಗಿಯೇ ತೆರೆಯಬೇಕು. ನಮ್ಮ ಬೆರಳಿನ ಕೆಲಸವನ್ನು ಮಾಡುವ ಯಂತ್ರವೇ ಕೊಲರಾಡೊದ ಆ ಹಿತ್ತಾಳೆಯ ಉಪಕರಣ. ಇದನ್ನು ಒತ್ತಡದ ನಿರ್ವಾತಭಂಜಕವೆಂದು ಕರೆಯಬಹುದು.

ಉಪಕರಣದ ಒಳಗೆ

ಅದರಲ್ಲಿ ಮುಖ್ಯ ಭಾಗಗಳು ಎರಡು. ನೀರು ಕೆಳಗಿನಿಂದ ಒಳಗೆ ಬಂದು ಮೊದಲು ಒಂದು ಏಕಮುಖ ಕವಾಟವನ್ನು ದಾಟುತ್ತದೆ. ಬಾವಿಯ ಪಂಪಿನ ಫುಟ್ ವಾಲ್ವನ್ನು ನೋಡಿದವರಿಗೆ ಇದು ಅಪರಿಚಿತವಲ್ಲ. ನೀರು ಮುಂದೆ ಹೋಗುವಾಗ ತೆರೆದು, ಹಿಂದೆ ಬರಲು ಯತ್ನಿಸಿದಾಗ ಮುಚ್ಚುತ್ತದೆ. ಇಲ್ಲಿ ಅದನ್ನು ಮುಚ್ಚಲು ಒಂದು ಸ್ಪ್ರಿಂಗೂ ಇದೆ. ಕವಾಟದ ಮುಂದೆ ಒಂದು ಸಣ್ಣ ಕೋಣೆ. ಕೋಣೆಯ ನೆತ್ತಿಯಲ್ಲಿ ಹೊರಗಿನ ಗಾಳಿಗೆ ತೆರೆಯುವ ವಾಯುದ್ವಾರ. ಅದನ್ನು ಒಳಗಿನಿಂದ ಮುಚ್ಚುವ ಒಂದು ಬಿರಡೆ. ನೀರಿನ ಒತ್ತಡ ಬಿರಡೆಯನ್ನು ಮೇಲಕ್ಕೊತ್ತಿ ದ್ವಾರವನ್ನು ಮುಚ್ಚುತ್ತದೆ. ಸ್ಪ್ರಿಂಗು ಅದನ್ನು ಕೆಳಕ್ಕೊತ್ತಿ ದ್ವಾರವನ್ನು ತೆರೆಯಲು ಸದಾ ಹವಣಿಸುತ್ತಿರುತ್ತದೆ. ಮಳೆ ಕಸ ಬೀಳದಿರಲೆಂದು ಮೇಲೊಂದು ಟೊಪ್ಪಿಗೆ.

ಕೋಣೆಯ ಒತ್ತಡ ಪೂರ್ತಿ ಇಳಿಯುವವರೆಗೆ ಸ್ಪ್ರಿಂಗು ಕಾಯುವುದಿಲ್ಲ. ವಾಯುಭಾರಕ್ಕಿಂತ ಇನ್ನೂ ಸುಮಾರು 7 ಕಿಲೋಪಾಸ್ಕಲ್ ಹೆಚ್ಚಿರುವಾಗಲೇ, ಅಮೆರಿಕನ್ನರ ಲೆಕ್ಕದಲ್ಲಿ ಚದರ ಅಂಗುಲಕ್ಕೆ 1 ಪೌಂಡ್ ಇರುವಾಗಲೇ, ದ್ವಾರ ತೆರೆಯಬೇಕೆಂಬುದು ನಿಯಮ. ಏಕಮುಖ ಕವಾಟವೂ ಅಷ್ಟೇ ಒತ್ತಡವನ್ನು ತಡೆದು ನಿಲ್ಲಬೇಕು. ಕವಾಟದಲ್ಲಿ ಮರಳು ಸಿಕ್ಕಿ ಅದು ಸೋರಿದರೂ, ವಾಯುದ್ವಾರದಿಂದ ಗಾಳಿ ಒಳಬಂದು ಸೈಫನ್ನನ್ನು ತುಂಡರಿಸುತ್ತದೆ. ಹೀಗೆ ಒಬ್ಬನು ತಪ್ಪಿದರೆ ಇನ್ನೊಬ್ಬನು ಕಾಯುವ ಇಬ್ಬರು ಕಾವಲುಗಾರರು ಇಲ್ಲಿದ್ದಾರೆ.

ಸ್ಪ್ರಿಂಗಿನ ಬಲವೆಷ್ಟು? ಬಿರಡೆಯ ವ್ಯಾಸ 4 ಸೆಂಟಿಮೀಟರ್ ಎಂದುಕೊಂಡರೆ ಅದರ ವಿಸ್ತೀರ್ಣ ಸುಮಾರು 12.6 ಚದರ ಸೆಂಟಿಮೀಟರ್. 7 ಕಿಲೋಪಾಸ್ಕಲ್ ಒತ್ತಡಕ್ಕೆ ಸಮನಾದ ಬಲ ಸುಮಾರು 8.8 ನ್ಯೂಟನ್, ಒಂದು ಕಿಲೋಗ್ರಾಮ್ ತೂಕಕ್ಕಿಂತ ತುಸು ಕಡಮೆ. ಕೊಳವೆಯಲ್ಲಿ 400 ಕಿಲೋಪಾಸ್ಕಲ್ ಒತ್ತಡವಿದ್ದರೆ ಅದೇ ಬಿರಡೆಯನ್ನು ನೀರು ಮೇಲಕ್ಕೊತ್ತುವ ಬಲ ಸುಮಾರು 500 ನ್ಯೂಟನ್. 50 ಕಿಲೋಗ್ರಾಮ್ ಚೀಲದ ತೂಕ. ಆದುದರಿಂದ ಒತ್ತಡವಿರುವಾಗ ದ್ವಾರ ಭದ್ರವಾಗಿ ಮುಚ್ಚಿರುತ್ತದೆ. ಆದರೆ ವರ್ಷಗಟ್ಟಲೆ ಹಾಗೆಯೇ ಇದ್ದು, ನೀರಿನ ಸುಣ್ಣ ಕಟ್ಟಿ, ರಬ್ಬರು ಪೀಠಕ್ಕೆ ಅಂಟಿಕೊಂಡರೆ, ಒಂದು ಕಿಲೋಗ್ರಾಮಿಗೂ ಕಡಮೆಯ ಬಲ ಅದನ್ನು ಬಿಡಿಸಲಾರದೆ ಹೋಗಬಹುದು. ಹೊರನೋಟಕ್ಕೆ ಆಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಒಂದು ಹನಿಯೂ ಚೆಲ್ಲುವುದಿಲ್ಲ. ಇದನ್ನು ಕಂಡುಹಿಡಿಯಲೆಂದೇ ಉಪಕರಣದಲ್ಲಿ ಎರಡು ಪುಟ್ಟ ಪರೀಕ್ಷಾ ನಲ್ಲಿಗಳಿವೆ. ಅಮೆರಿಕದ ಬಹಳಷ್ಟು ಊರುಗಳಲ್ಲಿ, ಅರ್ಹತಾಪತ್ರ ಪಡೆದ ಪರೀಕ್ಷಕರು ವರ್ಷಕ್ಕೊಮ್ಮೆ ಬಂದು ಒತ್ತಡಮಾಪಕವನ್ನು ಜೋಡಿಸಿ ಪರೀಕ್ಷಿಸಬೇಕೆಂಬ ಕಟ್ಟಳೆಯಿದೆ.

ಎತ್ತರದ ನಿಯಮ

ಈ ಉಪಕರಣವು ತಾನು ನೀರುಣಿಸುವ ಅತ್ಯಂತ ಎತ್ತರದ ಸ್ಪ್ರಿಂಕ್ಲರಿಗಿಂತ ಕನಿಷ್ಠಪಕ್ಷ 12 ಅಂಗುಲ, ಅಂದರೆ ಸುಮಾರು 30 ಸೆಂಟಿಮೀಟರ್, ಮೇಲಿರಬೇಕು. ಕಾರಣವು ನಮ್ಮ ಪ್ರಯೋಗದಲ್ಲಿಯೇ ಇದೆ. ತೂತನ್ನು ಬಾಗಿನ ನೆತ್ತಿಯಲ್ಲಿ ಮಾಡದೆ, ಕೊಳವೆಯ ಕೆಳತುದಿಯ ಸಮೀಪದಲ್ಲಿ ಮಾಡಿದ್ದರೆ, ಸೈಫನ್ ತುಂಡಾಗದೆ ನೀರು ಹರಿಯುತ್ತಲೇ ಇರುತ್ತಿತ್ತು. ಅಂತೆಯೇ, ಉಪಕರಣಕ್ಕಿಂತ ಮೇಲಿನ ಪಾತಿಯಲ್ಲಿ ಸ್ಪ್ರಿಂಕ್ಲರ್ ಇದ್ದರೆ ಆ ನೀರಿನ ಕಂಬ ಕೋಣೆಯ ಮೇಲೆ ಭಾರ ಹೇರುತ್ತದೆ. 70 ಸೆಂಟಿಮೀಟರ್ ಎತ್ತರದ ನೀರಿನ ಕಂಬವೇ 7 ಕಿಲೋಪಾಸ್ಕಲ್ ಒತ್ತಡವನ್ನುಂಟುಮಾಡಿ ಸ್ಪ್ರಿಂಗನ್ನು ಸೋಲಿಸಿಬಿಡುತ್ತದೆ. ತೆರೆಯಬೇಕಾದಾಗ ದ್ವಾರ ತೆರೆಯುವುದಿಲ್ಲ. ಮನೆಯವರು ಹೊಸದಾಗಿ ಎತ್ತರದ ಪಾತಿಯೊಂದನ್ನು ಕಟ್ಟಿದಾಗ ಮಾಡಬೇಕಾದ ಮೊದಲ ಹೊಂದಾಣಿಕೆ ಇದೇ: ಉಪಕರಣವನ್ನೂ ಎತ್ತರಿಸುವುದು.

ಇದಕ್ಕೆ ಒಂದು ಮಿತಿಯೂ ಉಂಟು. ಬೀದಿಯ ಕೊಳವೆಯಲ್ಲಿ ಒತ್ತಡ ಇಳಿದು ಆಗುವ ಹೀರಿಕೆಗೆ ಮಾತ್ರ ಇದು ಮದ್ದು. ತೋಟದ ಕಡೆಯೇ ಪಂಪು ಜೋಡಿಸಿ, ಅಲ್ಲಿಯ ಒತ್ತಡ ಬೀದಿಯ ಒತ್ತಡವನ್ನು ಮೀರಿದರೆ, ವಾಯುದ್ವಾರ ಮುಚ್ಚಿಯೇ ಇರುತ್ತದೆ. ಎರಡನೆಯ ಕಾವಲುಗಾರನಿಗೆ ಕೆಲಸವೇ ಇಲ್ಲದಾಗುತ್ತದೆ. ಗೊಬ್ಬರದ ದ್ರಾವಣವನ್ನು ಪಂಪಿನಿಂದ ಬೆರೆಸುವ ತೋಟಗಳಲ್ಲಿ ಬೇರೊಂದು ಬಗೆಯ ಉಪಕರಣ ಬೇಕು. ಅದರಲ್ಲಿ ಎರಡು ಏಕಮುಖ ಕವಾಟಗಳೂ ಅವುಗಳ ನಡುವೆ ಒಂದು ಬಿಡುಗಡೆಯ ಕವಾಟವೂ ಇರುತ್ತವೆ. ನಡುಕೋಣೆಯ ಒತ್ತಡ ಬೀದಿಯ ಒತ್ತಡಕ್ಕಿಂತ ಕನಿಷ್ಠ 14 ಕಿಲೋಪಾಸ್ಕಲ್ ಕಡಮೆಯಿರಬೇಕು. ಆ ಅಂತರ ಕುಗ್ಗಿದೊಡನೆ ನಡುಕೋಣೆಯ ನೀರು ನೆಲಕ್ಕೆ ಚೆಲ್ಲುತ್ತದೆ. ಚೆಲ್ಲುವುದು ನಷ್ಟವಲ್ಲ, ಎಚ್ಚರಿಕೆ.

ಹೊಂದಿಸುವುದೆಂದರೆ ಏನು?

ಈಗ ಪತ್ರದ ಪ್ರಶ್ನೆಗೆ ಬರೋಣ. ಈ ಉಪಕರಣದಲ್ಲಿ ಒತ್ತಡವನ್ನು ಹೆಚ್ಚು ಕಡಮೆ ಮಾಡುವ ತಿರುಪು ಇಲ್ಲ. ಸ್ಪ್ರಿಂಗಿನ ಬಲವನ್ನು ಕಾರ್ಖಾನೆಯಲ್ಲಿಯೇ ನಿಗದಿಮಾಡಿರುತ್ತಾರೆ. ಅದನ್ನು ಎಳೆಯುವುದು, ಕತ್ತರಿಸುವುದು, ಸಿಕ್ಕಿದ ಬೇರೊಂದನ್ನು ಹಾಕುವುದು ಸಲ್ಲದು. ಹೊಂದಿಸಬೇಕಾದದ್ದು ಅಕ್ಕಪಕ್ಕದ ಎರಡು ನಲ್ಲಿಗಳನ್ನು, ತೆರೆಯುವ ಕ್ರಮವನ್ನು, ಮತ್ತು ಒಳಗಿನ ಶುಚಿತ್ವವನ್ನು.

ನೀರು ಬಿಡುವ ಮೊದಲ ಕ್ಷಣದಲ್ಲಿ ಕೋಣೆಯಲ್ಲಿ ಒತ್ತಡವಿಲ್ಲ, ವಾಯುದ್ವಾರ ತೆರೆದಿದೆ. ನೀರು ಏರಿ ಬಿರಡೆಯನ್ನು ಎತ್ತಿ ಮುಚ್ಚುವವರೆಗೆ ಸ್ವಲ್ಪ ನೀರು ಹೊರಕ್ಕೆ ಚಿಮ್ಮುವುದು ಸಹಜ. ಅದು ದೋಷವಲ್ಲ, ದ್ವಾರ ತೆರೆದಿತ್ತೆಂಬುದಕ್ಕೆ ಸಾಕ್ಷಿ. ಚಿಮ್ಮುವುದನ್ನು ಕಡಮೆ ಮಾಡಲು, ಮೊದಲು ತೋಟದ ಕಡೆಯ ನಲ್ಲಿಯನ್ನು ಮುಚ್ಚಿರಬೇಕು. ಬಳಿಕ ಒಳಬರುವ ಕಡೆಯ ನಲ್ಲಿಯನ್ನು ನಿಧಾನವಾಗಿ ತೆರೆಯಬೇಕು. ಕೋಣೆ ತುಂಬಿ ಚಿಮ್ಮುವುದು ನಿಂತ ಮೇಲೆ ಅದನ್ನು ಪೂರ್ತಿಯಾಗಿ ತೆರೆದು, ಅನಂತರ ತೋಟದ ಕಡೆಯದನ್ನು ಮೆಲ್ಲಗೆ ತೆರೆಯಬೇಕು. ಒಳಬರುವ ನಲ್ಲಿಯನ್ನು ಅರೆಬರೆ ತೆರೆದು ಎಲ್ಲ ಸ್ಪ್ರಿಂಕ್ಲರುಗಳನ್ನೂ ನಡೆಸಿದರೆ, ಬರುವ ನೀರಿಗಿಂತ ಹೋಗುವ ನೀರೇ ಹೆಚ್ಚಾಗಿ, ಕೋಣೆಯಲ್ಲಿ ಒತ್ತಡ ಏರದೆ, ಬಿರಡೆ ಮುಚ್ಚದೆ ನೀರು ಚೆಲ್ಲುತ್ತಲೇ ಇರುತ್ತದೆ. ಬಹಳ ಮನೆಗಳ ತೊಂದರೆ ಇಷ್ಟೇ.

ಹೀಗೆ ಮಾಡಿದರೂ ನೀರು ನಿಲ್ಲದಿದ್ದರೆ, ಬಿರಡೆಗೂ ಪೀಠಕ್ಕೂ ನಡುವೆ ಮರಳು ಸಿಕ್ಕಿರಬಹುದು, ಇಲ್ಲವೆ ರಬ್ಬರಿನ ಉಂಗುರ ಸವೆದಿರಬಹುದು. ಎರಡು ನಲ್ಲಿಗಳನ್ನೂ ಮುಚ್ಚಿ, ಪರೀಕ್ಷಾ ನಲ್ಲಿಯನ್ನು ತೆರೆದು ಒತ್ತಡವನ್ನು ಬಿಟ್ಟು, ಟೊಪ್ಪಿಗೆಯನ್ನೂ ಮುಚ್ಚಳವನ್ನೂ ಬಿಚ್ಚಿ, ಭಾಗಗಳನ್ನು ಶುದ್ಧ ನೀರಿನಲ್ಲಿ ತೊಳೆದು, ಸವೆದ ಉಂಗುರಕ್ಕೆ ಅದೇ ಉಪಕರಣದ ಹೊಸ ಉಂಗುರವನ್ನು ಹಾಕಬೇಕು. ಒತ್ತಡವಿರುವಾಗ ಬಿಚ್ಚುವುದು ಅಪಾಯ. 50 ಕಿಲೋಗ್ರಾಮಿನ ಬಲವನ್ನು ಮರೆಯಬಾರದು. ಹೀಗೆ ಬಿಚ್ಚಿ ಜೋಡಿಸಿದ ಮೇಲೆ ಪರೀಕ್ಷಕರಿಂದ ಪರೀಕ್ಷೆ ಮಾಡಿಸಬೇಕು.

ಕೊಲರಾಡೊದಂತಹ ಶೀತಪ್ರದೇಶದಲ್ಲಿ ಇನ್ನೊಂದು ಕಾರಣವೂ ಇರಬಹುದು. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ನೂರಕ್ಕೆ 9ರಷ್ಟು ಹೆಚ್ಚುತ್ತದೆ. ಕೋಣೆಯಲ್ಲಿ ನೀರು ಉಳಿದಿದ್ದರೆ ಒಂದೇ ರಾತ್ರಿಯ ಹಿಮ ಮುಚ್ಚಳವನ್ನು ಸೀಳಬಲ್ಲದು. ಚಳಿಗಾಲಕ್ಕೆ ಮುನ್ನ ಮನೆಯೊಳಗಿನ ನಲ್ಲಿಯಿಂದ ನೀರನ್ನು ನಿಲ್ಲಿಸಿ, ಉಪಕರಣವನ್ನು ಬರಿದುಮಾಡಿ, ಪರೀಕ್ಷಾ ನಲ್ಲಿಗಳನ್ನೂ ಅಕ್ಕಪಕ್ಕದ ನಲ್ಲಿಗಳನ್ನೂ ಅರ್ಧ ತೆರೆದಿಡುವುದು ವಾಡಿಕೆ.

ಇನ್ನು ನೆರೆಯವರ ಸಲಹೆ. ಅಂಟು ಹಾಕಿ ಮುಚ್ಚಿದರೆ ನೀರು ಚಿಮ್ಮುವುದು ನಿಲ್ಲುತ್ತದೆ, ನಿಜ. ಆದರೆ ಅದು ಪ್ರಯೋಗದ ತೂತಿನ ಮೇಲೆ ಬೆರಳನ್ನು ಶಾಶ್ವತವಾಗಿ ಇಟ್ಟಂತೆ. ಬೀದಿಯಲ್ಲಿ ಒತ್ತಡ ಇಳಿದ ದಿನ ಸೈಫನ್ ನಿರಾತಂಕವಾಗಿ ನಡೆಯುತ್ತದೆ; ಮನೆಯವರಿಗೆ ತಿಳಿಯುವುದು ನಾಲ್ಕು ವಾರಗಳ ಮೇಲೆ.

ನಮ್ಮ ಮನೆಗಳಲ್ಲಿ

ಇಂತಹ ಉಪಕರಣ ನಮ್ಮ ಮನೆಗಳಲ್ಲಿ ಅಪರೂಪ. ಆದರೆ ಅದು ತಡೆಯುವ ಅಪಾಯ ಅಪರೂಪವಲ್ಲ. ನೀರು ಬಿಟ್ಟು ಬಿಟ್ಟು ಬರುವ ಊರಿನಲ್ಲಿ ಕೊಳವೆಯ ಒತ್ತಡ ಇಳಿಯುವುದು ನಿತ್ಯದ ಸಂಗತಿ. ಔಷಧಿ ಸಿಂಪಡಿಸುವ ಡಬ್ಬಕ್ಕೋ ದನಗಳ ತೊಟ್ಟಿಗೋ ನೀರು ತುಂಬಿಸುವಾಗ ಕೊಳವೆಯ ತುದಿಯನ್ನು ಮುಳುಗಿಸಿ ಬೇರೆ ಕೆಲಸಕ್ಕೆ ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ಇದಕ್ಕೆ ಕಾಸು ಖರ್ಚಿಲ್ಲದ ಪರಿಹಾರವೊಂದಿದೆ. ಕೊಳವೆಯ ಬಾಯಿ ಪಾತ್ರೆಯ ಅಂಚಿಗಿಂತ ಮೇಲಿರಲಿ; ಕೊಳವೆಯ ವ್ಯಾಸದ ಎರಡರಷ್ಟು, ಕಡೆಯಪಕ್ಷ ಒಂದು ಅಂಗುಲ, ಬರಿಯ ಗಾಳಿಯ ಅಂತರ ನಡುವೆ ಉಳಿಯಲಿ. ಆ ಅಂತರವನ್ನು ದಾಟಿ ಪಾತ್ರೆಯ ನೀರು ಹಿಂದಕ್ಕೆ ಬರಲಾರದು. ಸ್ಪ್ರಿಂಗಿಲ್ಲ, ಸವೆಯುವ ರಬ್ಬರಿಲ್ಲ, ಪರೀಕ್ಷಕರು ಬೇಕಿಲ್ಲ.

ನಮ್ಮ ವಿದ್ಯಾರ್ಥಿಗೆ ಇಷ್ಟನ್ನೂ ಬರೆದೆವು. ಅವರ ಉತ್ತರ ಎರಡೇ ಸಾಲಿನದು: ಒಳಬರುವ ನಲ್ಲಿ ಅರ್ಧ ಮಾತ್ರ ತೆರೆದಿತ್ತು, ಪೂರ್ತಿ ತೆರೆದ ಮೇಲೆ ಚೆಲ್ಲುವುದು ನಿಂತಿತು, ಪರೀಕ್ಷಕರಿಗೂ ಹೇಳಿಕಳುಹಿಸಿದ್ದೇನೆ.

ಅಭ್ಯಾಸಕ್ಕೆ

1. ಒಡೆದ ಕೊಳವೆಗಿಂತ 7 ಮೀಟರ್ ಎತ್ತರದಲ್ಲಿರುವ ಮನೆಯ ಕೊಳವೆಯಲ್ಲಿ ಒತ್ತಡವೆಷ್ಟಿರುತ್ತದೆ? ವಾಯುಭಾರ 101 ಕಿಲೋಪಾಸ್ಕಲ್ ಎಂದು ಇಟ್ಟುಕೊಳ್ಳಿ.

2. ಕೊಲರಾಡೊದ ಡೆನ್ವರ್ ನಗರ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಅಲ್ಲಿ ವಾಯುಭಾರ ಸುಮಾರು 83 ಕಿಲೋಪಾಸ್ಕಲ್. ಅಲ್ಲಿ ವಾಯುಭಾರ ಎಷ್ಟು ಎತ್ತರದ ನೀರಿನ ಕಂಬವನ್ನು ಎತ್ತಿ ಹಿಡಿಯಬಲ್ಲದು? ಸಮುದ್ರಮಟ್ಟದಲ್ಲಿ ಎಷ್ಟು?

3. ಪ್ರಯೋಗದ ತೂತನ್ನು ಬಾಗಿನ ನೆತ್ತಿಯಿಂದ ಸ್ವಲ್ಪ ಸ್ವಲ್ಪವೇ ಕೆಳಗಿಳಿಸಿ ಬೇರೆ ಬೇರೆ ಕೊಳವೆಗಳಲ್ಲಿ ಮಾಡಿ ನೋಡಿ. ಪ್ರತಿ ಸಲವೂ ಗಾಳಿ ಒಳಬರುತ್ತದೆಯೋ ನೀರು ಹೊರಬರುತ್ತದೆಯೋ ಬರೆದಿಟ್ಟು, ಕಾರಣವನ್ನು ವಿವರಿಸಿ.